ಪಂಚಮಿ ಪಾಲು

ನಮ್ಮ ಕಡೆ ಹಬ್ಬಗಳಿಗೇನೂ ಕೊರತೆಯಿಲ್ಲ. ಯುಗಾದಿಯ ಬೇವು, ಕಾರಹುಣ್ಣಿಮೆಯ ಎತ್ತು, ದಸರೆಯ ಬನ್ನಿ, ದೀಪಾವಳಿಯ ಹಣತೆ, ಎಳ್ಳಮವಾಸ್ಯೆಯ ಚರಗ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ. ಆದರೆ ಇವುಗಳಲ್ಲಿ ಹೆಣ್ಣುಮಕ್ಕಳ ಹಬ್ಬ ಯಾವುದು ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಯಾವ ಅಜ್ಜಿಯನ್ನು ಕೇಳಿದರೂ ಆಕೆ ಯೋಚಿಸದೆ ಹೇಳುವುದು ನಾಗರ ಪಂಚಮಿಯ ಹೆಸರನ್ನೇ. ಶ್ರಾವಣ ಹತ್ತಿರ ಬಂತೆಂದರೆ ಅಣ್ಣನೋ ತಮ್ಮನೋ ಅಕ್ಕತಂಗಿಯರನ್ನು ಕರೆತರಲು ಹೊರಡುತ್ತಾನೆ. ಹಿಂದೆ ಚಕ್ಕಡಿಯಲ್ಲಿ ಹೋಗುತ್ತಿದ್ದರು, ಆಮೇಲೆ ಕೆಂಪು ಬಸ್ಸಿನಲ್ಲಿ, ಈಗ ಮೋಟಾರ್ ಸೈಕಲ್ಲಿನಲ್ಲಿ. ಗಾಡಿ ಬದಲಾಯಿತು, ಕರೆಯುವುದು ಬದಲಾಗಲಿಲ್ಲ. ರೊಟ್ಟಿ ಹಬ್ಬದ ದಿನ ಓಣಿಯ ತುಂಬ ರೊಟ್ಟಿ ಪಲ್ಲೆಗಳ ಲೇವಾದೇವಿ. ಮುಂದೆ ಎರಡು ದಿನ ಉಂಡಿ, ಅಳ್ಳು, ತಂಬಿಟ್ಟು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ.

ಅದರಲ್ಲೂ ನನಗೆ ಇಷ್ಟವಾದದ್ದು ಹಾಲೆರೆಯುವ ಹೊತ್ತು. ಮಣ್ಣಿನ ನಾಗಪ್ಪನ ಮೇಲೆ ಕೊಬ್ಬರಿ ಬಟ್ಟಲಿನಿಂದ ಹಾಲು ಬಿಡುತ್ತ ಮನೆಮಂದಿಯ ಹೆಸರನ್ನೆಲ್ಲ ಹೇಳಬೇಕು. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಂಗಿ ಪಾಲು. ಊರಲ್ಲಿದ್ದವರ ಪಾಲೂ ಹೌದು, ಊರು ಬಿಟ್ಟವರ ಪಾಲೂ ಹೌದು. ಹೊಲ ಮನೆ ಹಂಚುವಾಗ ಏನಾದರೂ ಆಗಲಿ, ನಾಗಪ್ಪನ ಮುಂದೆ ಎಲ್ಲರ ಪಾಲೂ ಒಂದೇ ಅಳತೆಯದು.

ಇಂಥ ಹಬ್ಬಕ್ಕೆ ಇಪ್ಪತ್ತೆಂಟು ವರ್ಷ ಒಮ್ಮೆಯೂ ಬಾರದ ಒಬ್ಬ ಗೆಳತಿ ನನಗಿದ್ದಾಳೆ. ಹುಲಿಗಿಯಲ್ಲಿ ಹುಟ್ಟಿದವಳು, ಊರಿನ ಎಷ್ಟೋ ಹೆಣ್ಣುಮಕ್ಕಳಂತೆ ದೇವಿಯ ಹೆಸರನ್ನೇ ಇಟ್ಟುಕೊಂಡವಳು. ನಾವಿಬ್ಬರೂ ತುಂಗಭದ್ರೆಯ ದಂಡೆಯ ಮೆಟ್ಟಿಲುಗಳ ಮೇಲೆ ಆಡಿ ಬೆಳೆದವರು, ಮುನಿರಾಬಾದಿನ ಶಾಲೆಗೆ ಜೊತೆಯಾಗಿ ನಡೆದವರು, ಹೊಸಪೇಟೆಯ ಕಾಲೇಜಿಗೆ ಒಂದೇ ಬಸ್ಸು ಹಿಡಿದವರು. ಅವಳ ಗಂಡನಿಗೆ ಹಡಗು ದುರಸ್ತಿಯ ಕಡೆ ಕೆಲಸ ಸಿಕ್ಕಿ, 1996ರಲ್ಲಿ ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಸಿಂಗಾಪುರಕ್ಕೆ ಹೋದಳು. ಅಲ್ಲಿ ಕನ್ನಡ ಸಂಘ ಹುಟ್ಟಿದ್ದೂ ಅದೇ ವರ್ಷ. 'ಸಂಘಕ್ಕೂ ನನಗೂ ಒಂದೇ ವಯಸ್ಸು' ಎನ್ನುತ್ತಾಳೆ. ಅವಳ ಆಫೀಸಿನಲ್ಲಿ ಪೂರ್ತಿ ಹೆಸರು ನಾಲಿಗೆಗೆ ಹೊರಳದೆ ಎಲ್ಲರೂ 'ಹುಲಿ' ಎಂದೇ ಕರೆಯುತ್ತಾರೆ. ಹಾಗೆಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಸಿಂಹಪುರವೆಂಬ ಹೆಸರಿನ ಊರಲ್ಲಿ ಸಿಂಹ ಎಂದೂ ಇರಲಿಲ್ಲವಂತೆ. ಇದ್ದದ್ದು ಹುಲಿಗಳು, ಕೊನೆಯ ಕಾಡುಹುಲಿಯನ್ನು 1930ರಲ್ಲಿ ಹೊಡೆದರು. 'ಕೊನೇದಲ್ಲವಾ, ನಾ ಬಂದೆನಲ್ಲ' ಎಂದು ಇವಳ ನಗೆ.

ಅವಳು ಊರಿಗೆ ಬರುತ್ತಿರಲಿಲ್ಲವೆಂದಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದಳು. ಆದರೆ ಅಲ್ಲಿಯ ಶಾಲೆಗಳಿಗೆ ರಜೆ ಬರುವುದು ಜೂನ್ ತಿಂಗಳಲ್ಲಿ, ಇಲ್ಲವೇ ವರ್ಷದ ಕೊನೆಗೆ. ನಮ್ಮ ಪಂಚಮಿ ಜುಲೈ ಆಗಸ್ಟ್‌ನಲ್ಲಿ. ಮಕ್ಕಳ ಶಾಲೆ ಮುಗಿಯುವವರೆಗೂ ಹಬ್ಬಕ್ಕೂ ಅವಳಿಗೂ ಕೂಡಿಬರಲೇ ಇಲ್ಲ. ಶಾಲೆ ಮುಗಿಯುವ ಹೊತ್ತಿಗೆ ಬಾರದೆ ಇರುವುದೇ ರೂಢಿಯಾಗಿತ್ತು. ಬಂದಾಗಲಾದರೂ ಏನು? ಮೂರು ವಾರದಲ್ಲಿ ಎರಡು ಮದುವೆ, ಒಂದು ಜವಳ, ಹಲ್ಲಿನ ಡಾಕ್ಟರು, ಬ್ಯಾಂಕು, ಗಂಡನ ಮನೆಯವರ ಸುತ್ತಾಟ. ನನ್ನ ಮನೆಗೆ ಬಂದರೆ ಕುರ್ಚಿಯ ಅಂಚಿನ ಮೇಲೆ ಕೂತು ಚಹಾ ಕುಡಿದು, ತಂದ ಚಾಕಲೇಟು ಕೊಟ್ಟು, 'ಮುಂದಿನ ಸಲ ಕುಂತು ಮಾತಾಡೂಣು' ಎಂದು ಏಳುತ್ತಿದ್ದಳು. ಆ ಮುಂದಿನ ಸಲಕ್ಕೆ ನಮ್ಮಿಬ್ಬರ ಕೂದಲೂ ಬೆಳ್ಳಗಾದವು.

2021ರಲ್ಲಿ ಅವಳ ತಾಯಿ ತೀರಿಕೊಂಡರು. ಕೋವಿಡ್ ಕಾಲ, ವಿಮಾನಗಳಿಲ್ಲ, ಮಣ್ಣಿಗೆ ಬರಲಾಗಲಿಲ್ಲ. ಮರುವರ್ಷ ಬಂದಾಗ ಅಣ್ಣಂದಿರು ಹಕ್ಕುಬಿಡುಗಡೆ ಪತ್ರ ತಯಾರಿಸಿ ಇಟ್ಟಿದ್ದರು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. 2005ಕ್ಕೆ ಮೊದಲೇ ತಂದೆ ಸತ್ತಿದ್ದರೂ ಇದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿತು. ಕಾನೂನು ಅವಳಿಗೆ ಗೊತ್ತಿತ್ತು. ಆದರೂ ಓದದೆ ಸಹಿ ಮಾಡಿದಳು. 'ಪಾಲು ಕೇಳಿದರ ತವರು ಹೊಕ್ಕೈತಿ, ಬಿಟ್ಟರ ತವರು ಉಳಿತೈತಿ' ಎಂಬ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಹುಟ್ಟುತ್ತಲೇ ಬರುತ್ತದೆ. ಆರು ತಿಂಗಳಿಗೆ ಗುಡಿಯ ಹಾದಿಯಲ್ಲಿದ್ದ ಆ ಹಳೆಯ ಮನೆ ಮಾರಾಟವಾಯಿತು. ಕೊಂಡವರು ಅಡಿಗೆಮನೆ, ಪಡಸಾಲೆ, ಬಾಣಂತಿ ಕೋಣೆ ಎಲ್ಲ ಒಡೆದು ಹುಣ್ಣಿಮೆಗೆ ಬರುವ ಭಕ್ತರಿಗೆ ಬಾಡಿಗೆ ಕೋಣೆಗಳನ್ನು ಕಟ್ಟಿಸಿದರು. ಪಾಲೂ ಹೋಯಿತು, ತವರೂ ಹೋಯಿತು. ಅವಳು ಯಾರನ್ನೂ ಏನೂ ಅನ್ನಲಿಲ್ಲ. ಅಣ್ಣನಿಗೆ ಫೋನು ಮಾಡುವುದನ್ನು ಮಾತ್ರ ಬಿಟ್ಟಳು. ಊರಿಗೆ ಬರುವುದನ್ನೂ ಬಿಟ್ಟಳು.

2024ರ ಬೇಸಿಗೆಯಲ್ಲಿ ನಾನು ಶಾಲೆಯ ಕೆಲಸದಿಂದ ನಿವೃತ್ತಳಾದೆ. ಕೈಗೆ ಒಂದಿಷ್ಟು ದುಡ್ಡು ಬಂತು, ಅದಕ್ಕಿಂತ ಹೆಚ್ಚಾಗಿ ಹೊತ್ತು ಬಂತು. ಆಗ ತಲೆಗೆ ಹೊಳೆದದ್ದು ಇದು: ಅವಳು ಬರುತ್ತಿಲ್ಲ ಎಂದು ನಾವೆಲ್ಲ ಅನ್ನುತ್ತಿದ್ದೇವೆ. ಈ ಇಪ್ಪತ್ತೆಂಟು ವರ್ಷದಲ್ಲಿ ಅವಳ ಮನೆಗೆ ಹುಲಿಗಿಯಿಂದ ಯಾರು ಹೋಗಿದ್ದಾರೆ? ಕುಕನೂರಿಗೆ ಕೊಟ್ಟ ಮಗಳ ಮನೆಗೆ ತವರಿನವರು ವರ್ಷಕ್ಕೆ ನಾಲ್ಕು ಸಲ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅಳಿಯ ಹೇಗಿದ್ದಾನೆ, ಒಲೆ ಹೇಗಿದೆ, ನೀರು ಎಲ್ಲಿಂದ ತರುತ್ತಾಳೆ ಎಂದು ಕಣ್ಣಾರೆ ನೋಡಿ ಬರುತ್ತಾರೆ. ಪರದೇಶಕ್ಕೆ ಹೋದ ಮಗಳ ವಿಷಯದಲ್ಲಿ ಮಾತ್ರ ಅವಳೇ ಪೆಟ್ಟಿಗೆ ತುಂಬಿಕೊಂಡು ಬರಬೇಕು, ಅವಳೇ ಮನೆಮನೆ ತಿರುಗಬೇಕು. ಅವಳ ತಾಯಿ ವಿಮಾನ ಹತ್ತಲು ಕೊನೆಯವರೆಗೂ ಒಪ್ಪಲಿಲ್ಲ, ಅಣ್ಣಂದಿರಿಗೆ ಬಿಡುವಿರಲಿಲ್ಲ. ಸರಿ, ಈ ಪಂಚಮಿಗೆ ನಾನೇ ಹೋಗುತ್ತೇನೆ ಎಂದು ನಿಶ್ಚಯಿಸಿದೆ. 'ಒಬ್ಬಾಕಿನ ಹೆಂಗ ಹೋಗ್ತಿ?' ಎಂದ ನನ್ನ ಮಗ. 'ನಲವತ್ತು ಹುಡುಗರನ್ನ ಕಟ್ಟಿಕೊಂಡು ಶಾಲೆ ಪ್ರವಾಸ ಹೋದಾಕಿ ನಾ, ನನ್ನೊಬ್ಬಾಕಿನ್ನ ಕಟ್ಟಿಕೊಂಡು ಹೋಗೂದು ದೊಡ್ಡದಲ್ಲ' ಎಂದೆ.

ಚೀಲದಲ್ಲಿ ನನ್ನ ಬಟ್ಟೆ ನಾಲ್ಕೇ. ಉಳಿದದ್ದೆಲ್ಲ ಅವಳ ಪಾಲಿನದು. ಹೊಸದಾಗಿ ಬೀಸಿಸಿದ ಜೋಳದ ಹಿಟ್ಟು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಕಿನ್ನಾಳದ ಒಂದು ಗೊಂಬೆ, ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹುಲಿಗೆಮ್ಮನ ಭಂಡಾರ. ಹೊಸಪೇಟೆಯಲ್ಲಿ ರಾತ್ರಿ ಗಾಡಿ ಹತ್ತಿ ಬೆಂಗಳೂರು ಮುಟ್ಟಿ, ಅಲ್ಲಿಂದ ನಾಲ್ಕೂವರೆ ತಾಸು ವಿಮಾನದಲ್ಲಿ ಕೂತೆ. ಆಗಸ್ಟ್ 6ರಂದು ಇಳಿದಾಗ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ ಓಡುತ್ತಿತ್ತು. ಗೆಳತಿ ಮಾತ್ರ ನಲವತ್ತು ವರ್ಷ ಹಿಂದೆ ಹೋಗಿ, ಕಾಲೇಜಿನ ಹುಡುಗಿಯಂತೆ ನಿಂತಲ್ಲೇ ಕುಣಿದಳು.

ನಾನು ಮೊದಲೇ ಷರತ್ತು ಹಾಕಿದ್ದೆ: ಊರು ನೋಡಲು ಬಂದಿಲ್ಲ, ನಿನ್ನನ್ನು ನೋಡಲು ಬಂದಿದ್ದೇನೆ. ಅವಳು ಎಂಟು ದಿನ ರಜೆ ಹಾಕಿದ್ದಳು. ಪ್ರವಾಸಿಗಳು ನೋಡುವ ಗೋಪುರ, ತೋಟ, ಮೃಗಾಲಯ ಯಾವುದಕ್ಕೂ ನಾವು ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೆ ಸೂರ್ಯ ಹುಟ್ಟುತ್ತಾನೆ, ಸಂಜೆ ಏಳಕ್ಕೆ ಮುಳುಗುತ್ತಾನೆ, ವರ್ಷವಿಡೀ ಹಾಗೆಯೇ. ಭೂಮಧ್ಯರೇಖೆಗೆ ಒಂದೂವರೆ ಡಿಗ್ರಿಯೂ ದೂರವಿಲ್ಲದ ಊರು. ಮಳೆಗಾಲ, ಚಳಿಗಾಲ, ಬೇಸಿಗೆ ಎಂಬ ಭೇದವಿಲ್ಲದೆ ಒಂದೇ ಸಮನೆ ಸೆಕೆ, ನಡುನಡುವೆ ಬುಟ್ಟಿ ಮಗುಚಿದಂತೆ ಮಳೆ. 'ಇಲ್ಲಿ ಶ್ರಾವಣ ಬಂದದ್ದು ಮೈಗೆ ತಿಳಿಯೂದಿಲ್ಲ ನೋಡು, ಕ್ಯಾಲೆಂಡರ್ ನೋಡೇ ತಿಳಕೋಬೇಕು' ಎಂದಳು.

ಅವಳ ಮನೆ ಬೆಡಾಕ್ ಎಂಬ ಕಡೆ, ಹನ್ನೆರಡನೆಯ ಮಹಡಿಯಲ್ಲಿ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಇಂಥ ಮನೆಗಳಲ್ಲೇ ಅಲ್ಲಿಯ ಐದರಲ್ಲಿ ನಾಲ್ಕು ಪಾಲು ನಿವಾಸಿಗಳಿದ್ದಾರೆ. ಒಂದೇ ಜಾತಿ ಜನಾಂಗದವರು ಒಂದೇ ಕಡೆ ಸೇರಿಕೊಳ್ಳದಂತೆ 1989ರಿಂದ ಪ್ರತಿ ಕಟ್ಟಡಕ್ಕೂ ಲೆಕ್ಕ ಇಟ್ಟಿದ್ದಾರೆ. ಹೀಗಾಗಿ ಅವಳ ಎಡಕ್ಕೆ ಚೀನೀ ಅಜ್ಜಿ, ಬಲಕ್ಕೆ ಮಲಯ್ ಕುಟುಂಬ. ಎಲ್ಲವೂ ಚೊಕ್ಕ. ಅಡಿಗೆಮನೆಯ ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು. ಆ ನೀರಿನ ಕಥೆ ಕೇಳಿದರೆ ಮಾತ್ರ ಅಣೆಕಟ್ಟಿನ ಕೆಳಗೆ ಹುಟ್ಟಿದ ನಮಗೆ ಅಚ್ಚರಿ. 1962ರ ಒಪ್ಪಂದದಂತೆ ನೆರೆಯ ಮಲೇಷ್ಯಾದ ಜೊಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರು ತರುತ್ತಾರೆ. ಆ ಒಪ್ಪಂದ ಮುಗಿಯುವುದು 2061ಕ್ಕೆ. ಅದಕ್ಕಾಗಿ ಬಿದ್ದ ಮಳೆಯನ್ನೆಲ್ಲ ಹಿಡಿಯುತ್ತಾರೆ, ಸಮುದ್ರದ ಉಪ್ಪು ತೆಗೆಯುತ್ತಾರೆ, ಬಚ್ಚಲ ನೀರನ್ನೂ ಶುದ್ಧ ಮಾಡಿ 2003ರಿಂದ ಮತ್ತೆ ಬಳಸುತ್ತಿದ್ದಾರೆ. ಪಾತ್ರೆ ತೊಳೆಯುವಾಗ ನಲ್ಲಿ ಜೋರು ಬಿಟ್ಟ ನನ್ನ ಕೈ ಹಿಡಿದು, 'ನಿಲ್ಲಿಸವಾ, ಇದು ಹೊಳಿ ಅಲ್ಲ' ಎಂದಳು.

ಬೆಳಗಿನ ಹೊತ್ತು ಕೆಳಗಿಳಿದು ಕೋಪಿ ಕುಡಿಯುತ್ತಿದ್ದೆವು. ಅವರ ಭಾಷೆಯಲ್ಲಿ ಕಾಫಿಗೆ ಕೋಪಿ ಎನ್ನುತ್ತಾರೆ; ಕೋಪಿಷ್ಠರಂತೆಯೇ ಕಪ್ಪಗೆ, ದಪ್ಪಗೆ, ಗಟ್ಟಿ ಹಾಲು ಹಾಕಿದ್ದು. ಸಾಲಾಗಿ ಅಂಗಡಿ, ನಡುವೆ ಮೇಜು, ಒಬ್ಬರ ಪಕ್ಕ ಒಬ್ಬರು ಅಪರಿಚಿತರು. ಈ ಊಟದ ಕಟ್ಟೆಗಳ ಸಂಸ್ಕೃತಿಗೆ ಯುನೆಸ್ಕೋ 2020ರಲ್ಲಿ ಮಾನ್ಯತೆ ಕೊಟ್ಟಿದೆ. ಹುಲಿಗಿಯಲ್ಲಿ ಎಲ್ಲರಿಗೂ ನಾನು ಅಕ್ಕೋರು. ಅಲ್ಲಿಯ ಕೋಪಿ ಅಂಗಡಿಯವನಿಗೆ ಬರೀ ಆಂಟಿ. ನಾನು ಎದ್ದು ಹೋದರೆ ಯಾರೂ ಎದ್ದು ನಿಲ್ಲುವುದಿಲ್ಲ, ಕೂತರೆ ಯಾರೂ 'ಯಾಕ್ರಿ ಇಲ್ಲಿ?' ಎನ್ನುವುದಿಲ್ಲ. ಅರವತ್ತು ವರ್ಷ ಊರ ಕಣ್ಣಿನ ಕೆಳಗೆ ಬದುಕಿದ ಹೆಂಗಸಿಗೆ ಇದು ಎಷ್ಟು ಹಗುರವೆಂದು ನೀವೇ ಊಹಿಸಿಕೊಳ್ಳಿ.

ಸಂಜೆ ಸಮುದ್ರದ ದಂಡೆ. ಈಸ್ಟ್ ಕೋಸ್ಟ್ ಪಾರ್ಕ್ ಎಂಬ ಆ ಉದ್ದನೆಯ ತೋಪು ನಿಂತಿರುವುದು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲದ ಮೇಲೆ. ಗಾಳಿಮರ, ತೆಂಗು, ಛತ್ರಿ ಬಿಚ್ಚಿದಂಥ ಮಳೆಮರಗಳು. ಎದುರಿಗೆ ನೀರಿನ ಮೇಲೆ ಸರದಿಗಾಗಿ ಕಾಯುವ ಹಡಗುಗಳ ಸಾಲು, ಹುಣ್ಣಿಮೆಯ ದಿನ ನಮ್ಮ ಗುಡಿಯ ಮುಂದೆ ನಿಂತ ಟ್ರ್ಯಾಕ್ಟರುಗಳಂತೆ. ಅಲ್ಲೊಂದು ಬೆಂಚಿನ ಮೇಲೆ ನಾವು ದಿನಾ ಮೂರು ತಾಸು ಕೂಡುತ್ತಿದ್ದೆವು. ಏನು ಮಾತಾಡಿದೆವು ಎಂದರೆ ಹೇಳುವಂಥದ್ದೇನೂ ಇಲ್ಲ. ಮೊಳಕಾಲು ನೋವು, ಮಕ್ಕಳ ಮದುವೆ, ಕಾಲೇಜಿನ ಬಸ್ಸಿನ ಕಂಡಕ್ಟರ್, ಯಾರದೋ ಮನೆಯ ನಾಯಿ. ಬಹಳ ಹೊತ್ತು ಸುಮ್ಮನೆಯೂ ಕೂತೆವು. ಮದುವೆಯಾದ ಮೇಲೆ ನಾವಿಬ್ಬರು ಕೆಲಸವಿಲ್ಲದೆ ಕೂತದ್ದು ಇದೇ ಮೊದಲೆಂದು ಎರಡನೆಯ ದಿನ ಹೊಳೆಯಿತು. ಊರಲ್ಲಿ ಹೆಂಗಸರು ಕೂತರೂ ಕೈಯಲ್ಲಿ ಸೊಪ್ಪೋ ಅಕ್ಕಿಯೋ ಇರಲೇಬೇಕಲ್ಲ.

ಅಲ್ಲಿಯೇ ಅವಳು ತನ್ನ ಮಕ್ಕಳ ವಿಷಯ ಹೇಳಿದಳು. ಅಲ್ಲಿಯ ಶಾಲೆಯಲ್ಲಿ ಮಕ್ಕಳು ಒಂದು ಮಾತೃಭಾಷೆ ಕಲಿಯಲೇಬೇಕು. ಭಾರತೀಯರಿಗೆ ತಮಿಳುಂಟು, ಅದಲ್ಲದಿದ್ದರೆ ಹಿಂದಿ, ಪಂಜಾಬಿ, ಬಂಗಾಳಿ, ಗುಜರಾತಿ, ಉರ್ದು. ಕನ್ನಡವಿಲ್ಲ. ಹೀಗಾಗಿ ಹುಲಿಗಿಯ ಮೊಮ್ಮಕ್ಕಳ ಮಾತೃಭಾಷೆ ಕಾಗದದ ಮೇಲೆ ಹಿಂದಿಯಾಯಿತು. ಮಗ ಅಲ್ಲಿಯ ಕಾಯಿದೆಯಂತೆ ಎರಡು ವರ್ಷ ಸೈನ್ಯದಲ್ಲಿ ದುಡಿದು ಬಂದ. ಗಂಡ, ಮಕ್ಕಳು ಅಲ್ಲಿಯ ಪ್ರಜೆಗಳಾದರು. ಇವಳೊಬ್ಬಳು ಮಾತ್ರ ನೀಲಿ ಬಣ್ಣದ ನಮ್ಮ ಪಾಸ್‌ಪೋರ್ಟನ್ನೇ ಹಿಡಿದುಕೊಂಡಿದ್ದಾಳೆ. ಎರಡೂ ದೇಶಗಳು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಒಂದು ಬೇಕೆಂದರೆ ಇನ್ನೊಂದು ಬಿಡಬೇಕು. 'ಯಾಕ ಇಟ್ಟುಕೊಂಡೀ?' ಎಂದು ಕೇಳಿದೆ. ಹಡಗುಗಳನ್ನೇ ನೋಡುತ್ತ, 'ಇನ್ನೊಂದು ಸಹಿ ಮಾಡು ಅಂತಾರ. ಒಂದು ಸಹಿ ಮಾಡಿದ್ದ ಸಾಕಾಗೈತಿ ನನಗ' ಎಂದಳು.

ಹಬ್ಬದ ಮುನ್ನಾದಿನಗಳಲ್ಲಿ ಒಮ್ಮೆ ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಗೆ ಹೋಗಿಬಂದೆವು. ಆ ಊರಿನ ಎಲ್ಲಕ್ಕಿಂತ ಹಳೆಯ ಹಿಂದೂ ದೇವಸ್ಥಾನ ಅದು. ನಾರಾಯಣ ಪಿಳ್ಳೆ ಎಂಬುವರು 1827ರಲ್ಲಿ ಹುಲ್ಲು ಗರಿಯ ಗುಡಿಯಾಗಿ ಕಟ್ಟಿಸಿದರು. ದೀಪಾವಳಿಗೆ ಮುಂಚೆ ಅಲ್ಲಿ ಭಕ್ತರು ಕೆಂಡ ಹಾಯುತ್ತಾರೆ. 'ನಮ್ಮಲ್ಲಿ ಕುದಿಯೋ ಪಾಯಸದಾಗ ಕೈ ಹಾಕತಾರ, ಇಲ್ಲಿ ಬೆಂಕಿಯೊಳಗ ಕಾಲು ಇಡತಾರ. ತಾಯಿ ಅಂದಮ್ಯಾಲ ಕಾವು ಇರೂದ' ಎಂದಳು ಗೆಳತಿ. ಹುಲಿಗಿಯ ಜಾತ್ರೆಯ ಪಾಯಸದ ಅಗ್ನಿಯನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ.

ಅಲ್ಲಿ ಕಟ್ಟೆಯ ಮೇಲೆ ಕೂತಾಗ ನಾನು ಅವಳಿಗೆ ನಮ್ಮ ಊರಿನ ಕಥೆಯನ್ನೇ ನೆನಪಿಸಿದೆ. ನಾಗಜೋಗಿ, ಬಸವಜೋಗಿ ಎಂಬಿಬ್ಬರು ಭಕ್ತರು ಪ್ರತಿ ಹುಣ್ಣಿಮೆಗೂ ಹುಲಿಗಿಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಂಡು ಹೋಗುತ್ತಿದ್ದರಂತೆ. ಅವರ ಕಷ್ಟ ನೋಡಲಾರದೆ ದೇವಿ, ಇನ್ನು ನೀವು ಬರಬೇಡಿ, ನಾನೇ ನಿಮ್ಮ ಊರಿಗೆ ಬರುತ್ತೇನೆ ಎಂದಳು; ಬಂದು ಹುಲಿಗೆಮ್ಮನಾಗಿ ಹೊಳೆಯ ದಂಡೆಯಲ್ಲಿ ನೆಲೆಸಿದಳು. ಸಾವಿರ ಸಲ ಕೇಳಿದ ಕಥೆ. ಆದರೂ ಅವಳು ಮೊದಲ ಸಲ ಕೇಳಿದಂತೆ ಕೇಳಿ, 'ಹಂಗಾರ ಬರೂದು ಭಕ್ತರ ಕೆಲಸ ಅಷ್ಟ ಅಲ್ಲ' ಎಂದಳು.

ಆಗಸ್ಟ್ 9, ಶುಕ್ರವಾರ, ಪಂಚಮಿ. ಸಿಂಗಾಪುರಕ್ಕೆ ಅಂದೇ ರಾಷ್ಟ್ರೀಯ ದಿನ. 1965ರ ಆ ದಿನ ಅದು ಸ್ವತಂತ್ರ ದೇಶವಾಯಿತು. ಕಟ್ಟಡದ ಮೊಗಸಾಲೆಗಳ ತುಂಬ ಕೆಂಪು ಬಿಳಿ ಬಾವುಟಗಳು. ಇಡೀ ದೇಶಕ್ಕೆ ರಜೆ. ಇಪ್ಪತ್ತೆಂಟು ವರ್ಷದಲ್ಲಿ ತನ್ನ ಪಂಚಮಿಗೆ ದೇಶವೇ ಬಿಡುವು ಕೊಟ್ಟಿದೆಯೆಂದು ಗೆಳತಿಗೆ ಹಿಗ್ಗು. ಹುತ್ತವನ್ನು ಎಲ್ಲಿ ಹುಡುಕುವುದು? ತುಳಸಿಯ ಕುಂಡದಿಂದ ಎರಡು ಹಿಡಿ ಮಣ್ಣು ತೆಗೆದು ನಾಗಪ್ಪನನ್ನು ಮಾಡಿದಳು. ಅರಿಶಿನ, ಹಂಗನೂಲು, ಅಳ್ಳು, ಉಂಡಿ. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಕೂತಳು. ಅಪ್ಪನ ಪಾಲು ಎಂದಳು. ಅವ್ವನ ಪಾಲು ಎನ್ನುವಾಗ ಗಂಟಲು ಸ್ವಲ್ಪ ಹಿಡಿಯಿತು. ಗಂಡನ ಪಾಲು, ಮಗನ ಪಾಲು, ಮಗಳ ಪಾಲು. ಆಮೇಲೆ ಬಟ್ಟಲು ಹಾಗೆಯೇ ನಿಂತಿತು. ನಾನು ಏನೂ ಅನ್ನಲಿಲ್ಲ. ಆ ಹೊತ್ತಿನಲ್ಲಿ ಬೇರೆಯವರು ಬಾಯಿ ಹಾಕಬಾರದು. ಸ್ವಲ್ಪ ತಡೆದು, 'ದೊಡ್ಡಣ್ಣನ ಪಾಲು, ಸಣ್ಣಣ್ಣನ ಪಾಲು' ಎಂದು ಸರಸರನೆ ಎರೆದು ಮುಗಿಸಿ, ತಳದಲ್ಲಿ ಉಳಿದಷ್ಟನ್ನು 'ಗೆಳತಿ ಪಾಲು' ಎಂದು ಬಿಟ್ಟಳು.

ಸಂಜೆ ಪಾರ್ಕಿನ ಮಕ್ಕಳ ಜೋಕಾಲಿಗೆ ಹೋದೆವು. ಒಬ್ಬ ಚೀನೀ ಹುಡುಗ ಇಳಿಯುವುದನ್ನೇ ಕಾಯ್ದು ಇಬ್ಬರೂ ಎರಡು ಹಲಗೆ ಹಿಡಿದೆವು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಜೀಕಿದ್ದೇನು, ನನ್ನ ಮೊಳಕಾಲು ಕಿರಗುಟ್ಟಿದ್ದೇನು! ಆ ಹುಡುಗ ತನ್ನ ಅವ್ವನ ಕೈಹಿಡಿದು ಈ ಇಬ್ಬರು ಮುದುಕಿಯರನ್ನು ಬಾಯಿಬಿಟ್ಟು ನೋಡಿದ. ಕತ್ತಲಾದ ಮೇಲೆ ದೂರದಲ್ಲಿ, ಪಟ್ಟಣದ ಕಡೆ, ಬಾಣಬಿರುಸುಗಳ ಬೆಳಕು ಆಕಾಶಕ್ಕೆ ಎದ್ದಿತು. ಪಂಚಮಿಗೆ ಬಾಣಬಿರುಸು ಹಾರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈ ನೆಮ್ಮದಿ ಎರಡೇ ದಿನ. ಭಾನುವಾರ, 11ರ ಬೆಳಿಗ್ಗೆ ನನ್ನ ಮಗನ ಫೋನು ಬಂತು. ಹಿಂದಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಕೊಂಡು ಹೋಗಿದೆ. ಅಣೆಕಟ್ಟಿಗೆ 33 ಗೇಟುಗಳು. ಮಳೆಗೆ ತುಂಬಿ ತುಳುಕುತ್ತಿದ್ದ ಹೊತ್ತು. ಆ ಒಂದು ಬಾಯಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ಗುತ್ತಿತ್ತು. ಎಲ್ಲ ಒತ್ತಡ ಅಲ್ಲೇ ಬೀಳದಿರಲೆಂದು ಉಳಿದ ಗೇಟುಗಳನ್ನೂ ಎತ್ತಿದ್ದರು. ಒಟ್ಟು ಲಕ್ಷ ಕ್ಯೂಸೆಕ್‌ನ ಆಸುಪಾಸು. ಹುಲಿಗಿ ಇರುವುದು ಅಣೆಕಟ್ಟಿನ ಕೆಳಗೇ, ಹೊಳೆಗೆ ಮೈ ಒತ್ತಿಕೊಂಡು. 'ದಂಡಿಗೆ ಯಾರೂ ಹೋಗಬ್ಯಾಡ್ರಿ ಅಂದಾರ, ಊರಿಗೇನೂ ಭಯ ಇಲ್ಲವಾ' ಎಂದ ಮಗ. ಅವನ ಸಮಾಧಾನ ನನಗೆ ಸಾಕಾಯಿತು.

ಅವಳಿಗೆ ಸಾಕಾಗಲಿಲ್ಲ. ಟಿವಿಯ ಮುಂದೆ ನಿಂತೇ ಇದ್ದಳು. ಬೆಳ್ಳಗೆ ನೊರೆಯುಕ್ಕಿ ಧುಮುಕುವ ನೀರು, ಅದರ ಹಿಂದೆ ನಾವು ಹುಟ್ಟಿದಾಗಿನಿಂದ ನೋಡಿದ ಆ ಕಲ್ಲಿನ ಗೋಡೆ. ಒಂದು ಕಡೆ ಹೈದರಾಬಾದಿನ, ಇನ್ನೊಂದು ಕಡೆ ಮದ್ರಾಸಿನ ಆಡಳಿತ ಕೂಡಿ 1945ರಲ್ಲಿ ಶುರುಮಾಡಿ 1953ಕ್ಕೆ ನೀರು ನಿಲ್ಲಿಸಿದ ಗೋಡೆ. ನಮ್ಮ ಪಾಲಿಗೆ ಎಂದೂ ಅಲುಗದ ವಸ್ತು. ಹನಿ ಹನಿ ಲೆಕ್ಕವಿಡುವ ಊರಲ್ಲಿ ನಿಂತು ನಾವು ಒಂದು ಬೆಳೆಯ ನೀರು ಹರಿದು ಹೋಗುವುದನ್ನು ನೋಡುತ್ತಿದ್ದೆವು. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಆಗಷ್ಟೇ ನಾಟಿ ನಡೆದಿತ್ತು. ಇದ್ದಕ್ಕಿದ್ದಂತೆ ಅವಳು, 'ನಮ್ಮ ಮನಿ ಮೆಟ್ಟಲಕ್ಕ ನೀರು ಬಂದಿರತಾವೇನ?' ಎಂದಳು. ನಮ್ಮ ಮನಿ! ಎರಡು ವರ್ಷದ ಹಿಂದೆ ಸಹಿ ಹಾಕಿ ಬಿಟ್ಟುಕೊಟ್ಟ, ಮಾರಿಹೋದ, ಒಡೆದುಹೋದ ಮನೆ. ಅದು ಅವಳಿಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಫೋನು ತಂದು, ನನ್ನೆದುರೇ ಕೂತು, ದೊಡ್ಡಣ್ಣನ ನಂಬರು ಒತ್ತಿದಳು.

ನಾಲ್ಕು ನಿಮಿಷದ ಮಾತು ಅದು. ಅಣ್ಣ ನೀರಿನ ಮಟ್ಟ ಹೇಳಿದ, ಗೇಟಿನ ಸುದ್ದಿ ಹೇಳಿದ, ಹೊಲದ ಚಿಂತೆ ಹೇಳಿದ. ಇವಳು ಹೂಂ, ಹೂಂ ಎಂದಳು. ಮನೆಯ ಮಾತು, ಸಹಿಯ ಮಾತು, ಎರಡು ವರ್ಷದ ಮಾತು ಯಾವುದೂ ಬರಲಿಲ್ಲ. ಕೊನೆಗೆ ಅತ್ತ ಕಡೆಯಿಂದ, 'ಪಂಚಮಿ ಮಾಡಿದ್ಯೇನ?' ಎಂದು ಕೇಳಿದ್ದು ನನಗೂ ಕೇಳಿಸಿತು. 'ಮಾಡಿದೆ. ನಿನ್ನ ಪಾಲೂ ಎರದೀನಿ' ಎಂದಳು. ಅತ್ತ ಕಡೆ ಸುಮ್ಮನಾಯಿತು. ಫೋನು ಇಟ್ಟು ಎದ್ದವಳು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಮನೆ ಮರಳಿ ಬರುವುದಿಲ್ಲ. ನ್ಯಾಯವಾಗಿ ಅವಳಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದೂ ಅಳಿಯುವುದಿಲ್ಲ. ಆದರೆ ಆ ದಿನ ರೊಟ್ಟಿ ಮೂರು ಹೆಚ್ಚು ತಿಂದಳು.

ನಾನು ಹೊರಟದ್ದು 14ರ ರಾತ್ರಿ. ಚೀಲದ ತಳದಲ್ಲಿ ಉಡಿಯ ಸಾಮಾನು ಹಾಗೆಯೇ ಇತ್ತು. ಅಕ್ಕಿ, ಬೆಲ್ಲ, ಉತ್ತತ್ತಿ, ಅಡಿಕೆ, ಅರಿಶಿನ ಕೊಂಬು, ಖಣ. ನಮ್ಮಲ್ಲಿ ತವರಿಂದ ಹೊರಡುವ ಮಗಳಿಗೆ ಉಡಿ ತುಂಬಿ ಕಳಿಸುತ್ತಾರೆ, ತುಂಬುವವರು ಮುತ್ತೈದೆಯರು. ನನ್ನ ಯಜಮಾನರು ಹೋಗಿ ಐದು ವರ್ಷ. ಊರಲ್ಲಿ ಇಂಥ ಹೊತ್ತಿನಲ್ಲಿ ನಾನು ಯಾರೂ ಹೇಳುವ ಮೊದಲೇ ಬಾಗಿಲ ಕಡೆ ಸರಿದು ನಿಲ್ಲುತ್ತೇನೆ. ಆದ್ದರಿಂದ ಸಂಘದಲ್ಲಿ ಪರಿಚಯದ ಯಾರನ್ನಾದರೂ ಕರೆಸು ಎಂದೆ. ಅವಳು ದೇವರ ಮುಂದೆ ಮಣೆ ಹಾಕಿ ಕೂತು, ಎರಡೂ ಕೈಯಿಂದ ಸೆರಗೊಡ್ಡಿ, 'ನಮ್ಮೂರಿಂದ ಬಂದಾಕಿ ನೀ ಒಬ್ಬಾಕಿನ. ನೀ ತುಂಬದಿದ್ದರ ಯಾರು ತುಂಬಬೇಕು? ಸುಮ್ಮನ ತುಂಬು' ಎಂದು ಗದರಿದಳು. ತುಂಬಿದೆ. ಐದು ಹಿಡಿ ಅಕ್ಕಿ ಹಾಕುವಾಗ ನನ್ನ ಕೈ ನಡುಗಿತು, ಅವಳ ಸೆರಗು ನಡುಗಲಿಲ್ಲ. ಹೊರಡುವವಳು ನಾನು, ಉಡಿ ತುಂಬಿಸಿಕೊಂಡವಳು ಅವಳು, ಶಾಸ್ತ್ರ ತಲೆಕೆಳಗಾಗಿತ್ತು. ಆದರೂ ಅದು ಶಾಸ್ತ್ರದಂತೆಯೇ ಅನ್ನಿಸಿತು.

ನಾನು ಊರು ಮುಟ್ಟಿದ ಮರುದಿನ, 16ರ ಸಂಜೆ, ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗಿನ ಮೊದಲ ತುಂಡನ್ನು ಕೂಡಿಸಿತು. 17ಕ್ಕೆ ಆ ಬಾಯಿ ಮುಚ್ಚಿತು. ಈ ಸುದ್ದಿಯನ್ನು ನಾನು ಗೆಳತಿಗೆ ತಿಳಿಸಲು ಫೋನು ಮಾಡಿದರೆ, 'ಗೊತ್ತಾತವಾ, ಅಣ್ಣ ಹೇಳಿದ' ಎಂದಳು.

ಹಬ್ಬಕ್ಕೆ ಕರೆಯುವುದು ಅಣ್ಣತಮ್ಮಂದಿರ ಹಕ್ಕೆಂದು ನಾವೆಲ್ಲ ತಿಳಿದಿದ್ದೇವೆ. ಕರೆಯದೆ ಹೋದರೆ ಹೆಣ್ಣುಮಕ್ಕಳು ಬಾಗಿಲು ನೋಡುತ್ತ ಕೂಡುತ್ತಾರೆ, ಇಲ್ಲವೇ ಸಮುದ್ರ ನೋಡುತ್ತ ಕೂಡುತ್ತಾರೆ. ಆದರೆ ಒಂದು ಊರಲ್ಲಿ ಹುಟ್ಟಿದ ಹೆಣ್ಣಿಗೆ ಆ ಊರಿನ ಗೋಡೆಗಳಷ್ಟೇ ತವರಲ್ಲ. ಅವಳ ಬಾಲ್ಯ ನೆನಪಿರುವ ಪ್ರತಿಯೊಬ್ಬರೂ ಒಂದಿಷ್ಟು ತವರೇ. ನಿಮ್ಮ ಜೊತೆ ಮೆಟ್ಟಿಲ ಮೇಲೆ ಕಲ್ಲಾಟ ಆಡಿದವಳು ಮುಂಬೈಯಲ್ಲಿದ್ದಾಳೋ, ಮಸ್ಕತ್‌ನಲ್ಲಿದ್ದಾಳೋ, ಹತ್ತಿರದ ಗದಗಿನಲ್ಲೇ ಇದ್ದಾಳೋ ನನಗೆ ಗೊತ್ತಿಲ್ಲ. ಅವಳ ತಾಯಿ ಇಲ್ಲವಾಗಿದ್ದರೆ ಮಾತ್ರ ಮುಂದಿನ ಸಲ ಅವಳೇ ಬರಲಿ ಎಂದು ಕಾಯಬೇಡಿ. ನಾಲ್ಕು ಉಂಡಿ ಕಟ್ಟಿಕೊಂಡು ನೀವೇ ಹೋಗಿ. ಊರು ನೋಡಬೇಡಿ, ಅವಳ ಪಕ್ಕ ಸುಮ್ಮನೆ ಕೂತುಬನ್ನಿ.